ಹೊಸದಾಗಿ ರಿಸ್ಟೋರ್ ಮಾಡಿಸಿದ ಫಿಯಟ್, ಪದ್ಮಿನಿ ಕಾರುಗಳನ್ನು ಮಾಲೀಕರ ರ‍್ಯಾಲಿಗೆ ಒಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಯಾವ ಕಾರುಗಳಿಗೆ ಅನ್ವಯಿಸುತ್ತವೆ?

ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಿಂದ ಬಂದ ಫಿಯಟ್ 1100 ಸಾಲಿನ ಕಾರುಗಳನ್ನು ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. 1950ರ ದಶಕದ ಮಿಲೆಚೆಂಟೊ, ಅದರ ನಂತರದ ಸೂಪರ್ ಸೆಲೆಕ್ಟ್, 1964ರ 1100 ಡಿಲೈಟ್, ಸ್ವಲ್ಪ ಕಾಲ ಪ್ರೀಮಿಯರ್ ಪ್ರೆಸಿಡೆಂಟ್ ಎಂಬ ಹೆಸರಿನಲ್ಲಿ ಮಾರಾಟವಾಗಿ 1974ರ ಸುಮಾರಿಗೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ಕಾರು, ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಸ್ಟೇರಿಂಗ್ ಪಕ್ಕದ ಗೇರ್ ಇವುಗಳ ಗುರುತು. ಅಂಬಾಸಡರ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್ ಇಟ್ಟುಕೊಂಡವರಿಗೂ ಇಲ್ಲಿನ ಹೆಚ್ಚಿನ ಮಾತುಗಳು ಹೊಂದುತ್ತವೆ. ಉದಾಹರಣೆಗೆ ತೆಗೆದುಕೊಂಡಿರುವ ದಾರಿ ಬೆಂಗಳೂರಿನಿಂದ ಮೈಸೂರಿಗೆ ಹೋಗುವುದು.

ಕಾರು ಗ್ಯಾರೇಜಿನಿಂದ ಕೈಗೆ ಬಂದ ಎಷ್ಟು ದಿನಕ್ಕೆ ರ‍್ಯಾಲಿಗೆ ಹೋಗಬಹುದು?

ದಿನಗಳ ಲೆಕ್ಕಕ್ಕಿಂತ ಕಿಲೋಮೀಟರುಗಳ ಲೆಕ್ಕ ಮುಖ್ಯ. ಟಿಂಕರಿಂಗ್, ಪೇಂಟಿಂಗ್, ಸೀಟಿನ ಹೊದಿಕೆ ಎಲ್ಲವೂ ಮುಗಿದ ಕಾರು ನೋಡುವುದಕ್ಕೆ ಸಿದ್ಧವಾಗಿರುತ್ತದೆಯೇ ಹೊರತು ಓಡುವುದಕ್ಕೆ ಸಿದ್ಧವಾಗಿದೆ ಎಂದು ಹೇಳಲಾಗದು. ಒಂದೊಂದು ಬೋಲ್ಟನ್ನೂ ಬಿಚ್ಚಿ ಮತ್ತೆ ಕಟ್ಟಿದ ಯಂತ್ರದಲ್ಲಿ ಎಲ್ಲಿ ಎಣ್ಣೆ ಸೋರುತ್ತದೆ, ಯಾವ ನಟ್ಟು ಸಡಿಲವಾಗುತ್ತದೆ, ಯಾವ ವೈರು ಎಲ್ಲಿ ಉಜ್ಜುತ್ತದೆ ಎಂಬುದು ರಸ್ತೆಯ ಮೇಲೆಯೇ ಗೊತ್ತಾಗಬೇಕು. ಆದ್ದರಿಂದ ರ‍್ಯಾಲಿಯ ದಿನಕ್ಕೆ ಮೊದಲು ಕಾರು ಕನಿಷ್ಠ 500 ಕಿ.ಮೀ. ಓಡಿರಬೇಕು, ಅದರಲ್ಲಿ ಒಂದೆರಡು ಓಟಗಳಾದರೂ ಎಡೆಬಿಡದೆ 50 ಕಿ.ಮೀ. ಮೀರಿದವಾಗಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಯ ಸುತ್ತ ನಾಲ್ಕು ಬೀದಿ ಸುತ್ತಿದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ, ಬಿಸಿಯಾದ ಮೇಲೆ ಮಾತ್ರ ಕಾಣಿಸಿಕೊಳ್ಳುವ ದೋಷಗಳು ಅಡಗಿಯೇ ಉಳಿಯುತ್ತವೆ.

ಮೊದಲು 5 ಕಿ.ಮೀ., ಮರುದಿನ 20, ಬಳಿಕ 50 ಎಂದು ದೂರವನ್ನು ಹಿಗ್ಗಿಸುತ್ತ ಹೋಗುವುದು ಉತ್ತಮ ಕ್ರಮ. ಪ್ರತಿ ಓಟದ ನಂತರ ಕಾರಿನ ಕೆಳಗೆ ರಟ್ಟು ಹಾಸಿ, ರಾತ್ರಿಯಿಡೀ ಎಲ್ಲಿ ಯಾವ ದ್ರವ ತೊಟ್ಟಿಕ್ಕಿದೆ ಎಂದು ಬೆಳಿಗ್ಗೆ ನೋಡಬೇಕು. ಇಂಥ ಓಟಗಳಿಗೆ ಕಾರನ್ನು ಕಟ್ಟಿದ ಮೇಸ್ತ್ರಿಯನ್ನು ಒಮ್ಮೆಯಾದರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಮಾಲೀಕರಿಗೆ ಸಹಜವೆನಿಸಿದ ಒಂದು ಸದ್ದು ಅವರ ಕಿವಿಗೆ ಬೇರೆಯದನ್ನೇ ಹೇಳಬಹುದು.

ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿಸಲಾಗಿದೆ. ಎಷ್ಟು ವೇಗದಲ್ಲಿ ಓಡಿಸಬೇಕು?

ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ಹೊಂದಿಕೊಳ್ಳುವವರೆಗೆ, ಅಂದರೆ ಮೊದಲ 1000 ಕಿ.ಮೀ.ವರೆಗೆ, 60 ಕಿ.ಮೀ. ವೇಗವನ್ನು ಮೀರದಿರುವುದು ಕ್ಷೇಮ. ಹಾಗೆಂದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಸರಿಯಲ್ಲ, ಟಾಪ್ ಗೇರಿನಲ್ಲಿ ಕಡಿಮೆ ವೇಗಕ್ಕೆ ಎಂಜಿನ್ನನ್ನು ಎಳೆಸುವುದಂತೂ ಇನ್ನೂ ಕೆಟ್ಟದ್ದು. ವೇಗವನ್ನು ಏರಿಸುತ್ತ ಇಳಿಸುತ್ತ ಇರಬೇಕು. ಮೊದಲ 500 ಕಿ.ಮೀ.ಗೆ ಎಂಜಿನ್ ಆಯಿಲ್ ಬದಲಿಸಿ, ಎಂಜಿನ್ ತಣ್ಣಗಿರುವಾಗ ಹೆಡ್ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಪರೀಕ್ಷಿಸಿ, ಆ ಬಳಿಕ ವಾಲ್ವುಗಳನ್ನು ತೆರೆಯುವ ಟ್ಯಾಪೆಟ್‌ಗಳ ಅಂತರವನ್ನು ಹೊಂದಿಸಿಕೊಳ್ಳಬೇಕು. ಈ ಕೆಲಸವನ್ನು ರ‍್ಯಾಲಿಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು. ಬಿಚ್ಚಿ ಹಾಕಿದ ಮೇಲೆ ಕನಿಷ್ಠ ಒಂದು ಉದ್ದದ ಓಟ ಆಗಿರಬೇಕು.

ಬ್ರೇಕ್ ವಿಷಯದಲ್ಲಿ ವಿಶೇಷವಾಗಿ ಏನನ್ನು ನೋಡಬೇಕು?

ಈ ಪ್ರಶ್ನೆಗೆ ಉಳಿದೆಲ್ಲವುಗಳಿಗಿಂತ ಹೆಚ್ಚು ಗಮನ ಸಲ್ಲಬೇಕು. ಹಳೆಯ ಫಿಯಟ್‌ಗಳಲ್ಲಿ ನಾಲ್ಕೂ ಚಕ್ರಗಳ ಬ್ರೇಕಿಗೆ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಒಂದೇ ಮಾಸ್ಟರ್ ಸಿಲಿಂಡರಿನಿಂದ ಒಂದೇ ಸರಣಿಯಲ್ಲಿ ಆಯಿಲ್ ಹೋಗುತ್ತದೆ. ಯಾವುದೋ ಒಂದು ಚಕ್ರದೊಳಗಿನ ವೀಲ್ ಸಿಲಿಂಡರಿನ ರಬ್ಬರ್ ಕಪ್ ಹರಿದರೂ, ಒಂದು ಪೈಪು ಬಿರಿದರೂ ಪೆಡಲ್ ನೆಲಕ್ಕೆ ಹೋಗುತ್ತದೆ ಮತ್ತು ಕೈಯಲ್ಲಿ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಇಂದಿನ ಕಾರುಗಳಲ್ಲಿ ಎರಡು ಪ್ರತ್ಯೇಕ ಸರಣಿಗಳಿರುವುದರಿಂದ ಒಂದು ಕೆಟ್ಟರೂ ಇನ್ನೊಂದು ಹಿಡಿಯುತ್ತದೆ. ಆ ಅಭ್ಯಾಸದಲ್ಲಿ ಬೆಳೆದ ಚಾಲಕರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಲೇಬೇಕು.

ಆದ್ದರಿಂದ ರಿಸ್ಟೋರೇಶನ್ ಸಮಯದಲ್ಲಿ ಹಣ ಉಳಿಸುವ ಯೋಚನೆ ಬಂದರೆ ಅದನ್ನು ಬ್ರೇಕಿನ ಮೇಲೆ ಪ್ರಯೋಗಿಸಬಾರದು. ಲೋಹದ ಪೈಪುಗಳು, ಚಕ್ರದ ಬಳಿಯ ರಬ್ಬರ್ ಹೋಸ್‌ಗಳು, ಎಲ್ಲ ಸಿಲಿಂಡರುಗಳ ಕಿಟ್‌ಗಳು ಹೊಸದಾಗಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಪದ್ಮಿನಿಯ ಬಿಡಿಭಾಗಗಳನ್ನು ವಿಚಾರಿಸಬಹುದು, ಆದರೆ ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತ ರಬ್ಬರ್ ಕಪ್ ಪೊಟ್ಟಣ ಒಡೆಯದಿದ್ದರೂ ಹೊಸದಲ್ಲ. ಬೆರಳಿನಿಂದ ಒತ್ತಿ, ಬಾಗಿಸಿ, ಬಿರುಕಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕೊಳ್ಳಬೇಕು. ಹೊಸ ಲೈನಿಂಗ್ ಹಾಕಿಸಿದ ಬ್ರೇಕ್ ಶೂಗಳು ಡ್ರಮ್ಮಿಗೆ ಕೂಡಿಕೊಳ್ಳಲು ಸಮಯ ಬೇಕು, ಅಲ್ಲಿಯವರೆಗೆ ಕಾರು ಒಂದು ಬದಿಗೆ ಎಳೆಯಬಹುದು. ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಿಂದ ಹಲವು ಬಾರಿ ಮೆಲ್ಲನೆ ನಿಲ್ಲಿಸಿ ನೋಡಿ, ಎಳೆತ ಉಳಿದರೆ ಮತ್ತೆ ಅಡ್ಜಸ್ಟ್ ಮಾಡಿಸಬೇಕು. ಎಲ್ಲ ಸರಿಯಾದ ಮೇಲೂ ಮುಂದಿನ ವಾಹನದಿಂದ ಇಂದಿನ ಕಾರಿಗೆ ಬಿಡುವ ಅಂತರದ ಎರಡು ಪಟ್ಟು ಬಿಡಿ. ಆ ಜಾಗಕ್ಕೆ ಯಾರಾದರೂ ನುಗ್ಗಿದರೆ ಸಿಟ್ಟಾಗದೆ ಮತ್ತೆ ಹಿಂದೆ ಸರಿಯುವುದೊಂದೇ ದಾರಿ.

ಟೈರುಗಳ ಗುಂಡಿ (ಟ್ರೆಡ್) ಸವೆದಿಲ್ಲ, ಪೂರ್ತಿ ಇದೆ. ಬದಲಿಸಲೇಬೇಕೇ?

ಟೈರಿನ ಪಕ್ಕೆಯ ಮೇಲಿನ ನಾಲ್ಕು ಅಂಕೆಗಳನ್ನು ನೋಡಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ, ನಿಂತ ಕಾರಿನ ಟೈರಾದರೂ, ಹೆದ್ದಾರಿಗೆ ಬೇಡ. ಸ್ಟೆಪ್ನಿಗೂ ಇದೇ ಮಾತು. ಇನ್ನೊಂದು ಸಂಗತಿಯನ್ನು ಬಹಳ ಜನ ಮರೆಯುತ್ತಾರೆ. ಹೊಸದಾಗಿ ಬಣ್ಣ ಹೊಡೆದ ಚಕ್ರದ ಡಿಸ್ಕಿನ ಮೇಲೆ ವೀಲ್ ನಟ್ಟು ಬಿಗಿದಾಗ, ನಟ್ಟಿನ ಕೆಳಗಿನ ಬಣ್ಣದ ಪದರ ಓಡುತ್ತ ಓಡುತ್ತ ತೆಳುವಾಗಿ ನಟ್ಟು ಸಡಿಲಗೊಳ್ಳುತ್ತದೆ. ಮೊದಲ 50 ಕಿ.ಮೀ. ನಂತರ ಒಮ್ಮೆ, ರ‍್ಯಾಲಿಗೆ ಹೊರಡುವ ಬೆಳಿಗ್ಗೆ ಇನ್ನೊಮ್ಮೆ ಎಲ್ಲ ನಟ್ಟುಗಳನ್ನೂ ಬಿಗಿದು ನೋಡಬೇಕು.

ವೈರಿಂಗ್ ಹೊಸದು, ಬ್ಯಾಟರಿ ಹೊಸದು. ಆದರೂ ದೀಪಗಳು ಮಂಕಾಗಿವೆ, ಸೆಲ್ಫ್ ನಿಧಾನವಾಗಿ ತಿರುಗುತ್ತದೆ. ಏಕೆ?

ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ಹೊಸ ಬಣ್ಣವೇ ಆಗಿರುತ್ತದೆ. ಈ ಕಾರುಗಳಲ್ಲಿ ವಿದ್ಯುತ್ ಮರಳುವ ದಾರಿ ಕಾರಿನ ಲೋಹದ ಮೈ. ದೀಪದ ಬಟ್ಟಲು, ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಪಟ್ಟಿ, ಬ್ಯಾಟರಿಯ ಅರ್ಥ್ ವೈರು, ಇವು ಮುಟ್ಟುವ ಜಾಗದಲ್ಲೆಲ್ಲ ದಪ್ಪನೆಯ ಬಣ್ಣ ಕೂತಿದ್ದರೆ ಸಂಪರ್ಕ ದುರ್ಬಲವಾಗುತ್ತದೆ. ಆಯಾ ಜಾಗದಲ್ಲಿ ಬಣ್ಣವನ್ನು ನಾಣ್ಯದಗಲ ಕೆರೆದು, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಸವರಿದರೆ ಸಾಕು. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಬಗೆಯ ಡೈನಮೋ ಇರುವ ಕಾರುಗಳು ಎಂಜಿನ್ ನಿಧಾನವಾಗಿ ತಿರುಗುವಾಗ ಬ್ಯಾಟರಿಯನ್ನು ಅಷ್ಟಾಗಿ ತುಂಬುವುದಿಲ್ಲ. ಮೆರವಣಿಗೆಯ ವೇಗದಲ್ಲಿ ಸಾಗುವಾಗ ದೀಪ, ಹಾರ್ನ್, ಹೆಚ್ಚುವರಿಯಾಗಿ ಕೂಡಿಸಿದ ಫ್ಯಾನ್ ಎಲ್ಲವನ್ನೂ ಒಟ್ಟಿಗೆ ಬಳಸಬಾರದು.

ಈಗಿನ ಪೆಟ್ರೋಲ್ ಹಳೆಯ ಕಾರಿಗೆ ಹೊಂದುತ್ತದೆಯೇ?

ಇಂದು ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರುಗಳನ್ನು ವಿನ್ಯಾಸಗೊಳಿಸಿದ ಕಾಲದಲ್ಲಿ ಅದರ ಕಲ್ಪನೆ ಇರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಹಳೆಯ ತುಕ್ಕು ಮತ್ತು ಮಡ್ಡಿಯನ್ನು ಸಡಿಲಿಸಿ ಕಾರ್ಬೊರೇಟರಿಗೆ ತರುತ್ತದೆ. ಪೆಟ್ರೋಲ್ ಪೈಪುಗಳನ್ನೂ, ಎಂಜಿನ್ನಿನ ಪಕ್ಕದಲ್ಲಿದ್ದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ, ಮೆಕ್ಯಾನಿಕ್‌ಗಳು ಎ.ಸಿ. ಪಂಪು ಎನ್ನುವ ಪಂಪಿನ ಡಯಾಫ್ರಮ್ಮನ್ನೂ ಎಥೆನಾಲ್ ತಡೆಯುವ ವಸ್ತುವಿನಿಂದ ಮಾಡಿದವುಗಳಿಗೆ ಬದಲಿಸಿ, ಒಳಗಿನದು ಕಾಣುವಂಥ ಪಾರದರ್ಶಕ ಫಿಲ್ಟರ್ ಒಂದನ್ನು ಕೂಡಿಸಬೇಕು. ಫಿಲ್ಟರಿನಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ಇನ್ನೂ ಶುದ್ಧವಾಗಿಲ್ಲ ಎಂದೇ ಅರ್ಥ. ಈ ಪೆಟ್ರೋಲಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣ ತೆಳುವಾಗುವುದರಿಂದ ಪ್ಲಗ್ ತೆಗೆದು ನೋಡಬೇಕು. ತುದಿ ತಿಳಿಗಂದು ಬಣ್ಣವಿದ್ದರೆ ಸರಿ, ಬೆಳ್ಳಗಿದ್ದರೆ ಕಾರ್ಬೊರೇಟರ್ ಬಲ್ಲವರಿಂದ ಅದರೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟನ್ನು ಪರೀಕ್ಷೆ ಮಾಡಿಸಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಟ್ರೋಲನ್ನು ಟ್ಯಾಂಕಿನಲ್ಲಿ ಬಿಡಬಾರದು.

ಬಿಸಿಲಿನಲ್ಲಿ ಕಾರು ನಿಂತುಹೋಗಿ ಮತ್ತೆ ಸ್ಟಾರ್ಟ್ ಆಗದಿದ್ದರೆ?

ಎಂಜಿನ್ನಿನ ಶಾಖಕ್ಕೆ ಎ.ಸಿ. ಪಂಪು ಮತ್ತು ಪೈಪಿನಲ್ಲಿರುವ ಪೆಟ್ರೋಲ್ ಆವಿಯಾಗಿಬಿಟ್ಟರೆ ಪಂಪು ಅದನ್ನು ಎಳೆಯಲಾರದು. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಹದಿನೈದು ನಿಮಿಷ ನೆರಳಿನಲ್ಲಿ ಕಾದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ಎಂದೂ ತೆರೆಯಬಾರದು. ಚಾರ್ಜಿಂಗಿನ ಕೆಂಪು ದೀಪ ಹತ್ತಿದ ಕೂಡಲೆ ಕಾರು ನಿಲ್ಲಿಸಿ ಫ್ಯಾನ್ ಬೆಲ್ಟ್ ನೋಡಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್ ಆದ್ದರಿಂದ, ಅದು ಹರಿದಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ ಕುದಿಯುತ್ತದೆ.

ಯಾವ ಕಾಗದಪತ್ರಗಳು ಬೇಕು?

ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಚಾಲನಾ ಪರವಾನಗಿ ಇವು ನಾಲ್ಕೂ ಚಾಲ್ತಿಯಲ್ಲಿರಬೇಕು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಕಾರನ್ನು ತೋರಿಸಿ ನವೀಕರಿಸಿಕೊಳ್ಳಬೇಕು. 20 ವರ್ಷ ದಾಟಿದ ವಾಹನಗಳ ಶುಲ್ಕ 2025ರಲ್ಲಿ ಏರಿದೆ, ಹೋಗುವ ಮೊದಲು ಇಂದಿನ ದರವನ್ನು ವಿಚಾರಿಸಿಕೊಳ್ಳಿ. ಎಷ್ಟೋ ಕಾರುಗಳು ದಶಕಗಳ ಕಾಲ ಶೆಡ್ಡಿನಲ್ಲಿ ನಿಂತು, ಪತ್ರಗಳು ಅಜ್ಜನ ಹೆಸರಿನಲ್ಲೇ ಉಳಿದಿರುತ್ತವೆ. ಅಂಥವರು ರಿಸ್ಟೋರೇಶನ್ ಆರಂಭಿಸುವಾಗಲೇ ಪತ್ರಗಳ ಕೆಲಸವನ್ನೂ ಆರಂಭಿಸಬೇಕು, ಏಕೆಂದರೆ ಎಷ್ಟೋ ಸಲ ಬಣ್ಣಕ್ಕಿಂತ ಅದಕ್ಕೇ ಹೆಚ್ಚು ಕಾಲ ಹಿಡಿಯುತ್ತದೆ. ನೋಂದಣಿ ಪತ್ರದಲ್ಲಿರುವ ಬಣ್ಣಕ್ಕೂ ಈಗ ಹೊಡೆಸಿದ ಬಣ್ಣಕ್ಕೂ ವ್ಯತ್ಯಾಸವಿದ್ದರೆ, ಅಥವಾ ಹಿಂದೆಂದೋ ಡೀಸೆಲ್ ಎಂಜಿನ್ ಕೂರಿಸಿದ್ದನ್ನು ತೆಗೆದು ಮತ್ತೆ ಪೆಟ್ರೋಲ್ ಎಂಜಿನ್ ಹಾಕಿದ್ದರೆ, ಅದನ್ನು ಪತ್ರದಲ್ಲಿ ನಮೂದಿಸಿಕೊಳ್ಳಬೇಕು.

ವಿಂಟೇಜ್ ನೋಂದಣಿ ಮಾಡಿಸುವುದು ಒಳ್ಳೆಯದೇ?

2021ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪವನ್ನು ಉಳಿಸಿಕೊಂಡಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ಅವಧಿ 10 ವರ್ಷ. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಅಕ್ಷರಗಳು ಬರುತ್ತವೆ. ಡಿಲೈಟ್‌ಗಳೆಲ್ಲ ಈಗಾಗಲೇ ಈ ವಯಸ್ಸನ್ನು ಮುಟ್ಟಿವೆ, ಮೊದಲ ಪದ್ಮಿನಿಗಳೂ ಈಗ ಮುಟ್ಟುತ್ತಿವೆ.

ಆದರೆ ಈ ನೋಂದಣಿ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಮನೆಮಂದಿಯನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವ ಆಸೆ ಇದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಕಾರು ಆಗಾಗ ಓಡುತ್ತಿದ್ದರಷ್ಟೇ ಅದರ ಆರೋಗ್ಯ.

ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರದ ಹಳೆಯ ನಂಬರ್ ಪ್ಲೇಟನ್ನೇ ಉಳಿಸಿಕೊಳ್ಳಬಹುದೇ?

ಎಂವೈ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರನ್ನು ಮೂಲ ಹಲಗೆಯಲ್ಲೇ ನೋಡುವ ಸಂತೋಷ ದೊಡ್ಡದು. ಆದರೆ ರಸ್ತೆಯಲ್ಲಿ ಓಡುವಾಗ ನಿಯಮದಂತೆ ಬಿಳಿ ಹಿನ್ನೆಲೆಯ ಪ್ಲೇಟ್ ಇರಬೇಕು. ಕರ್ನಾಟಕದಲ್ಲಿ 2019ರ ಏಪ್ರಿಲ್‌ಗಿಂತ ಮೊದಲಿನ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕವನ್ನು ಕಡ್ಡಾಯ ಮಾಡಲಾಗಿದೆ. ಹಳೆಯ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಒಯ್ದು, ಪ್ರದರ್ಶನದ ಮೈದಾನದಲ್ಲಿ ಕಾರಿನ ಎದುರು ಇಡಬಹುದು.

ವಿಮೆಯನ್ನು ಎಷ್ಟು ಮೊತ್ತಕ್ಕೆ ಮಾಡಿಸಬೇಕು?

ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಆದರೆ ಅದರಿಂದ ನಿಮ್ಮ ಕಾರಿಗಾದ ಹಾನಿಗೆ ಏನೂ ಸಿಗುವುದಿಲ್ಲ. ಐದು ವರ್ಷ ದಾಟಿದ ಮತ್ತು ತಯಾರಿಕೆ ನಿಂತುಹೋದ ಕಾರುಗಳ ವಿಮಾ ಮೌಲ್ಯವನ್ನು ಮಾಲೀಕರೂ ವಿಮಾ ಕಂಪನಿಯೂ ಪರಸ್ಪರ ಒಪ್ಪಿ ನಿಗದಿಪಡಿಸಿಕೊಳ್ಳಲು ಅವಕಾಶವಿದೆ. ಅದಕ್ಕಾಗಿ ರಿಸ್ಟೋರೇಶನ್ನಿನ ಎಲ್ಲ ಬಿಲ್ಲುಗಳು, ಹಂತಹಂತದ ಫೋಟೋಗಳು, ಸರ್ವೇಯರ್ ವರದಿ ನಿಮ್ಮಲ್ಲಿರಬೇಕು. ವಿಮೆಯ ಹಳೆಯ ದರಪಟ್ಟಿ (ಟ್ಯಾರಿಫ್) ನಿಯಮಗಳಲ್ಲಿ ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕಿಂತ ಮೊದಲು ತಯಾರಾದ ಕಾರು. ಹೀಗಾಗಿ ಆರ್‌ಟಿಒ ಕಣ್ಣಿಗೆ ವಿಂಟೇಜ್ ಆದ ಡಿಲೈಟ್ ವಿಮಾ ಕಂಪನಿಯ ಕಣ್ಣಿಗೆ ಹಾಗಾಗದಿರಬಹುದು.

ಮೈಸೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಬೇಕೇ, ಹಳೆಯ ರಸ್ತೆಯಲ್ಲೇ?

2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನ ಮತ್ತು ಆಟೋಗಳಿಗೆ ಪ್ರವೇಶವಿಲ್ಲ, ಕಾರುಗಳಿಗೆ ಇದೆ. ಆದರೆ 100 ಕಿ.ಮೀ. ವೇಗದ ಮಿತಿ ಇರುವ ದಾರಿಯಲ್ಲಿ 60ರಲ್ಲಿ ಸಾಗುವ, ಹಿಂಬದಿಯ ಸಣ್ಣ ದೀಪಗಳ ಹಳೆಯ ಕಾರು ಹಿಂದಿನವರಿಗೆ ತಡವಾಗಿ ಕಾಣುತ್ತದೆ. ಕಾರು ಕೆಟ್ಟರೆ ಅಲ್ಲಿ ನಿಲ್ಲುವುದೂ ಅಪಾಯವೇ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಮೂಲಕ ಹೋಗುವ ಹಳೆಯ ರಸ್ತೆ ನಿಧಾನವಾದರೂ ನಮ್ಮ ಆಯ್ಕೆ ಅದೇ. ಪ್ರತಿ ಊರಿನಲ್ಲೂ ನೆರಳು, ನೀರು, ಮೆಕ್ಯಾನಿಕ್ ಸಿಗುತ್ತಾರೆ, ಮದ್ದೂರಿನಲ್ಲಿ ವಡೆ ತಿನ್ನುವಷ್ಟು ಹೊತ್ತು ಎಂಜಿನ್ನಿಗೂ ವಿಶ್ರಾಂತಿ ಸಿಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಹೊರಟು ಬಿಸಿಲೇರುವ ಮೊದಲು ಮಂಡ್ಯ ದಾಟಬೇಕು. ಬಿಡುವಿದ್ದರೆ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯದಲ್ಲಿ ಧರ್ಮಸ್ಥಳದ ಹೆಗ್ಗಡೆಯವರ ಹಳೆಯ ಕಾರುಗಳ ಸಂಗ್ರಹವನ್ನು ನೋಡಿ ಮುಂದುವರಿಯಬಹುದು. ರಿಸ್ಟೋರ್ ಮಾಡಿಸುವವರಿಗೆ ಅಲ್ಲಿ ಕಲಿಯುವುದು ಬಹಳ ಇದೆ.

ಕಾರನ್ನು ಟ್ರಕ್ಕಿನ ಮೇಲೆ ಹೇರಿ ಕಳಿಸಿದರೆ ತಪ್ಪೇ?

ತಪ್ಪೇನಿಲ್ಲ. 500 ಕಿ.ಮೀ. ಪೂರೈಸದ ಕಾರಿಗೆ ಅದೇ ಸರಿಯಾದ ದಾರಿ. ಹಗ್ಗವನ್ನು ಬಂಪರಿಗಾಗಲಿ ಸಸ್ಪೆನ್ಶನ್ನಿಗಾಗಲಿ ಕಟ್ಟದೆ, ಟೈರುಗಳ ಮೇಲೆ ಪಟ್ಟಿ ಹಾಯಿಸಿ ಕಟ್ಟಬೇಕು. ಸಾಗಣೆಯ ಹಾನಿಗೆ ಬೇರೆ ವಿಮೆ ಬೇಕೇ ಎಂದು ಮೊದಲೇ ಕೇಳಿ.

ಡಿಕ್ಕಿಯಲ್ಲಿ ಏನೇನು ಇಟ್ಟುಕೊಳ್ಳಬೇಕು?

ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆಯ ಪಾಯಿಂಟ್, ಕಂಡೆನ್ಸರ್ ಮತ್ತು ರೋಟರ್, ಪ್ಲಗ್ಗುಗಳು, ಎ.ಸಿ. ಪಂಪಿನ ಕಿಟ್, ಕ್ಲಚ್ ಮತ್ತು ಆಕ್ಸಿಲರೇಟರ್ ಸೆಟ್ಟಿಂಗಿಗೆ ಬೇಕಾದ ಸ್ಪ್ಯಾನರುಗಳು, ಬ್ರೇಕ್ ಆಯಿಲ್, ಐದು ಲೀಟರ್ ನೀರು, ಟ್ಯೂಬ್, ಜಾಕಿ, ಅಗ್ನಿಶಾಮಕ. ಇವುಗಳಲ್ಲಿ ಕಂಡೆನ್ಸರ್ ಎರಡಿರಲಿ, ಹೊಸದು ಎಂದು ಕೊಂಡದ್ದೇ ಕೈಕೊಡುವುದುಂಟು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಮರೆಯಾದ ಮೇಲೆ, ಆ ಬೇಡಿಕೆಯನ್ನು ನಂಬಿಕೊಂಡಿದ್ದ ಬಿಡಿಭಾಗಗಳು ಇನ್ನಷ್ಟು ವಿರಳವಾಗುವ ಸಂಭವವಿದೆ. ಕಂಡಾಗಲೇ ಕೊಂಡಿಟ್ಟುಕೊಳ್ಳುವುದು ಜಾಣತನ.

ಸೀಟ್ ಬೆಲ್ಟ್ ಇಲ್ಲದ ಕಾರಿನಲ್ಲಿ ಮಕ್ಕಳನ್ನು ಕರೆದೊಯ್ಯಬಹುದೇ?

ನಮ್ಮ ದೇಶದಲ್ಲಿ ಮುಂದಿನ ಸೀಟಿಗೆ ಬೆಲ್ಟ್ ಕೊಡುವುದು ತಯಾರಕರಿಗೆ ಕಡ್ಡಾಯವಾದದ್ದು 1994ರಿಂದ. ಅದಕ್ಕೂ ಹಿಂದಿನ ಕಾರಿಗೆ ಬಲವಾದ ಜಾಗದಲ್ಲಿ ಆಧಾರ ಬೆಸೆದು ಬೆಲ್ಟ್ ಹಾಕಿಸಿದರೆ ಮೂಲರೂಪಕ್ಕೆ ಒಂದು ಅಂಕ ಕಡಿಮೆಯಾದರೂ ಚಿಂತೆಯಿಲ್ಲ. ಬೆಲ್ಟ್ ಇಲ್ಲದಿದ್ದರೆ ಪುಟ್ಟ ಮಕ್ಕಳು ಹಿಂದೆ ಬರುವ ಇಂದಿನ ಕಾರಿನಲ್ಲಿ ಬರಲಿ. ಡಿಲೈಟ್‌ಗಿಂತ ಹಿಂದಿನ ಮಾದರಿಗಳಲ್ಲಿ ಮುಂಬಾಗಿಲಿನ ಕೀಲು ಹಿಂದಿದ್ದು ಅದು ಮುಂದಿನಿಂದ ತೆರೆದುಕೊಳ್ಳುತ್ತದೆ. ಓಡುವಾಗ ಚಿಲಕ ಬಿಟ್ಟರೆ ಗಾಳಿ ಅದನ್ನು ಪೂರ್ತಿ ಕಿತ್ತು ತೆರೆಯುತ್ತದೆ, ಆದ್ದರಿಂದ ಆ ಚಿಲಕಗಳ ಬಗ್ಗೆ ಸಡಿಲು ಧೋರಣೆ ಸಲ್ಲದು.

ತೀರ್ಪುಗಾರರು ಏನನ್ನು ನೋಡುತ್ತಾರೆ?

ಮೊದಲು ರ‍್ಯಾಲಿ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಕೆಲವು ಬರಿಯ ಮೆರವಣಿಗೆ, ಕೆಲವು ನಿಗದಿತ ಸರಾಸರಿ ವೇಗದಲ್ಲಿ ನಿಗದಿತ ಹೊತ್ತಿಗೆ ತಲುಪಬೇಕಾದ ಸ್ಪರ್ಧೆ, ಇನ್ನು ಕೆಲವು ನಿಂತ ಕಾರುಗಳನ್ನು ಇಂಚಿಂಚಾಗಿ ಪರೀಕ್ಷಿಸುವ ಪ್ರದರ್ಶನ. ಮೂರನೆಯ ಬಗೆಯಲ್ಲಿ ಹೊಳಪಿಗಿಂತ ಮೂಲರೂಪಕ್ಕೆ ಬೆಲೆ ಹೆಚ್ಚು. ಕಾರ್ಖಾನೆ ಕೊಟ್ಟ ಬಣ್ಣವೇ, ಸೀಟಿನ ಹೊಲಿಗೆ ಆ ವರ್ಷದ ಮಾದರಿಯದೇ, ಡಿಲೈಟ್‌ಗೆ ಪದ್ಮಿನಿಯ ಗ್ರಿಲ್ ಕೂರಿಸಿಲ್ಲವೇ ಎಂದು ನೋಡುತ್ತಾರೆ. ಅಂತರರಾಷ್ಟ್ರೀಯ ಹಳೆವಾಹನ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾದದ್ದು. ಅದರ ವ್ಯಾಖ್ಯೆಯಲ್ಲಿ ಚಾರಿತ್ರಿಕ ವಾಹನವೆಂದರೆ ಕನಿಷ್ಠ 30 ವರ್ಷ ಹಳೆಯದು, ಚಾರಿತ್ರಿಕವಾಗಿ ಸರಿಯಾದ ಸ್ಥಿತಿಯಲ್ಲಿ ಉಳಿಸಿಕೊಂಡದ್ದು. ಬಹುಮಾನ ಬರಲಿ ಬಿಡಲಿ, ಬಿಚ್ಚುವ ಮೊದಲು ಮತ್ತು ಬಿಚ್ಚುವಾಗ ತೆಗೆದ ಫೋಟೋಗಳ ಕಡತವೊಂದನ್ನು ಜೊತೆಗೆ ಒಯ್ಯಿರಿ. ಬೇರೆ ಮಾಲೀಕರಿಗೆ ಅದಕ್ಕಿಂತ ಉಪಯುಕ್ತವಾದದ್ದು ಇಲ್ಲ.

ಹೊರಡುವ ಮುನ್ನ ಪೂಜೆ ಮಾಡುತ್ತೇವೆ. ಹೊಸ ಬಣ್ಣಕ್ಕೆ ತೊಂದರೆಯೇ?

ಪೂಜೆ ಅವಶ್ಯ ಮಾಡಿ, ಆದರೆ ಎರಡು ತಿಂಗಳೂ ತುಂಬದ ಬಣ್ಣ ಒಳಗೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಒದ್ದೆ ಅರಿಸಿನ ಕುಂಕುಮ ತಿಳಿ ಬಣ್ಣದ ಮೇಲೆ ಕಲೆ ಬಿಡುತ್ತದೆ, ಹಾರದೊಳಗಿನ ತಂತಿ ಗೀರುತ್ತದೆ, ಬಾನೆಟ್ ಮೇಲೆ ಇಟ್ಟ ಕರ್ಪೂರದ ತಟ್ಟೆ ಬಣ್ಣವನ್ನು ಸುಡುತ್ತದೆ. ಕುಂಕುಮವನ್ನು ಗಾಜಿನ ಮೇಲಿಡಿ, ದಾರದಲ್ಲಿ ಕಟ್ಟಿದ ಹಾರ ಹಾಕಿ, ಆರತಿಯನ್ನು ದೂರದಿಂದ ಬೆಳಗಿ. ಧೂಳನ್ನು ಒಣಬಟ್ಟೆಯಿಂದ ಒರೆಸದೆ ನೀರು ಹಾಯಿಸಿ ತೊಳೆಯಬೇಕು. ಪ್ಲಾಸ್ಟಿಕ್ ಒಳಪದರದ ಹೊದಿಕೆಯನ್ನು ಹೊಸ ಬಣ್ಣದ ಮೇಲೆ ಹಾಕಬೇಡಿ, ತೇವ ಸಿಕ್ಕಿಕೊಂಡು ಗುಳ್ಳೆಗಳೇಳುತ್ತವೆ.

ಮರಳಿ ಬಂದ ಮೇಲೆ ಏನು ಮಾಡಬೇಕು?

ಮರುದಿನವೇ ಎಂಜಿನ್ ಆಯಿಲ್, ಬ್ರೇಕ್ ಆಯಿಲ್, ರೇಡಿಯೇಟರ್ ನೀರಿನ ಮಟ್ಟ ನೋಡಿ, ಎಷ್ಟು ಇಳಿದಿದೆ ಎಂದು ಬರೆದಿಡಿ. ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿ ಸೋರಿಕೆಯ ಗುರುತಿದೆಯೇ ಎಂದು ಪರೀಕ್ಷಿಸಿ, ಗ್ರೀಸ್ ನಿಪ್ಪಲ್ಲುಗಳಿಗೆ ಹೊಸ ಗ್ರೀಸ್ ತುಂಬಿಸಿ. ದಾರಿಯಲ್ಲಿ ಕೇಳಿದ ಪ್ರತಿಯೊಂದು ಹೊಸ ಸದ್ದನ್ನೂ, ಅದು ಯಾವ ವೇಗದಲ್ಲಿ, ಯಾವ ಗೇರಿನಲ್ಲಿ ಬಂತು ಎಂಬುದರೊಂದಿಗೆ, ಮರೆಯುವ ಮೊದಲು ಮೇಸ್ತ್ರಿಗೆ ತಿಳಿಸಿ. ಒಟ್ಟು ಓಟ 1000 ಕಿ.ಮೀ. ದಾಟಿದ್ದರೆ ಆಯಿಲನ್ನು ಇನ್ನೊಮ್ಮೆ ಬದಲಿಸಿ, ಆ ಬಳಿಕ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಕಾರನ್ನು ಓಡಿಸುತ್ತಿರಿ.